ಜಾಗರಣೆ ಗುಳಿಗೆ

ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಸೀನುತ್ತದೆ. ಮೋಟೆಬೆನ್ನೂರಿನಿಂದ ಬಸ್ಸು ಇತ್ತ ತಿರುಗಿತೋ ಇಲ್ಲವೋ, ಕಂಡಕ್ಟರ ಮೂಗಿಗೆ ವಸ್ತ್ರ ಹಿಡಿಯುತ್ತಾನೆ. ಹೊಸದಾಗಿ ವರ್ಗವಾಗಿ ಬಂದ ಮಾಸ್ತರರು ಕಲಿಸುವುದಕ್ಕಿಂತ ಹೆಚ್ಚು ಕೆಮ್ಮುತ್ತಾರೆ. ನಮಗೆ ರೂಢಿ. ಮೆಣಸಿನಕಾಯಿಯ ಘಾಟು ನಮಗೆ ಅನ್ನ ಹಾಕಿದೆ, ಅದನ್ನು ಬೈಯುವ ಹಾಗಿಲ್ಲ.

ಈ ಘಾಟಿನಿಂದ ಒಂದು ಅನುಕೂಲವೂ ಇದೆ ನೋಡಿ. ನಮ್ಮೂರಲ್ಲಿ ಯಾರ ಕಣ್ಣು ಯಾಕೆ ಕೆಂಪಾದರೂ ಉತ್ತರ ತಯಾರಿರುತ್ತದೆ. ಗಂಡನ ಜೊತೆ ಜಗಳಾಡಿ ಅತ್ತವಳೂ "ಘಾಟು" ಅನ್ನುತ್ತಾಳೆ. ಕುಡಿದು ಬಂದವನೂ "ಘಾಟು" ಅನ್ನುತ್ತಾನೆ. ತವರು ನೆನಪಾದವಳಿಗೂ ಘಾಟು, ಪರೀಕ್ಷೆಯಲ್ಲಿ ನಪಾಸಾದವನಿಗೂ ಘಾಟು. ಕೇಳಿದವರು "ಹೌದೌದು, ಈ ವರ್ಷ ಭಾಳ ಐತಿ" ಎಂದು ಮುಂದೆ ಹೋಗುತ್ತಾರೆ.

ಹೀಗೆ ಎಲ್ಲರೂ ಮುಂದೆ ಹೋಗುತ್ತ ಹೋಗುತ್ತ ನಮ್ಮ ಓಣಿಯ ಒಂದು ಹಸುಗೂಸು ಕೈಬಿಟ್ಟು ಹೋಗುವುದರಲ್ಲಿತ್ತು. ಆ ಕಥೆ ಹೇಳುತ್ತೇನೆ. ಕೈಯಲ್ಲಿ ಕೆಲಸ ಇದ್ದರೆ ಮಾಡುತ್ತಲೇ ಕೇಳಿ, ನನಗೇನೂ ಬೇಸರವಿಲ್ಲ.

ಜೈತೂನಬಿ ನಮ್ಮ ಓಣಿಯ ಹಿರಿಯ ಹೆಂಗಸು. ಮೆಣಸಿನಕಾಯಿಯ ತೊಟ್ಟು ಬಿಡಿಸುವುದರಲ್ಲೇ ಕೂದಲು ಬೆಳ್ಳಗಾದವಳು. ಮನೆಯಲ್ಲಿ ಉರ್ದು, ಗೋದಾಮಿನಲ್ಲಿ ಕನ್ನಡ, ಬೈಯುವಾಗ ಮಾತ್ರ ಎರಡೂ. ಗಂಡ ತೀರಿಕೊಂಡ ಮೇಲೆ ಇದೇ ಕೆಲಸ ಮಾಡಿ ಮಗ ಬಾಬಾಜಾನನನ್ನು ಬೆಳೆಸಿದಳು. ಅವನು ಈಗ ಪೇಟೆಯಲ್ಲಿ ಹಮಾಲಿ ಮಾಡುತ್ತಾನೆ. ಅವನ ಹೆಂಡತಿ ಮುಮ್ತಾಜಬಿ ಹೊಸರಿತ್ತಿಯ ಹುಡುಗಿ. ಮಾತು ಮೆತ್ತಗೆ, ಬೆರಳು ಚುರುಕು. ಅವರಿಗೊಂದು ಹೆಣ್ಣುಕೂಸು, ಮಾಸುಮಬಿ. ಇನ್ನೂ ಮೊಲೆಹಾಲಿನ ಕೂಸು.

ಮುಮ್ತಾಜಬಿ ಬಾಣಂತನ ಮುಗಿಸಿ ತವರಿನಿಂದ ಬರುವುದಕ್ಕೂ ಸುಗ್ಗಿ ಏರುವುದಕ್ಕೂ ಸರಿಹೋಯಿತು. ಗೋದಾಮಿನ ಕೆಲಸ ನಿಮಗೆ ಗೊತ್ತೇ ಇದೆ. ರಾಶಿಯ ಸುತ್ತ ಕೂತು ಬಿಡಿಸಿದಷ್ಟೇ ಕೂಲಿ. ರಾತ್ರಿ ಕೂಸು ಏಳಿಸುತ್ತಿತ್ತು, ಬೆಳಗಾದರೆ ರಾಶಿ ಕಾಯುತ್ತಿತ್ತು. ಕೂತಲ್ಲೇ ಅವಳ ತಲೆ ತೂಗುತ್ತಿತ್ತು. ಪಕ್ಕದಲ್ಲಿ ಕೂರುವ ಹೊನ್ನವ್ವ ಮೊಣಕೈಯಿಂದ ತಿವಿದು ಎಚ್ಚರಿಸುತ್ತಿದ್ದಳು. ಹೊನ್ನವ್ವನ ಮಗನೂ ಹೆಚ್ಚುಕಡಿಮೆ ಅದೇ ವಯಸ್ಸಿನವನು. ಎರಡು ಕೂಸುಗಳಿಗೂ ಗೋದಾಮಿನ ತೊಲೆಗೆ ಜೋಳಿಗೆ ಕಟ್ಟಿದ್ದರು.

ಗೋದಾಮಿನ ಬಾಗಿಲಲ್ಲೇ ಶಂಕ್ರಪ್ಪನ ಚಹಾದಂಗಡಿ. ಮುಮ್ತಾಜಬಿ ತೂಕಡಿಸುವುದನ್ನು ನೋಡಿ ಅವನಿಗೆ ಕರುಳು ಚುರುಕ್ಕೆಂದಿತು. ಒಂದು ದಿನ ಚಹಾದ ಜೊತೆ ಒಂದು ಬಿಳಿ ಗುಳಿಗೆ ಕೊಟ್ಟ.

"ತಂಗೀ, ಹಿಂಗ ತೂಕಡಿಸಿದ್ರ ಕೆಲಸ ಹೆಂಗ ಸಾಗಬೇಕ? ಇದನ್ನ ಅರ್ಧ ಮುರದು ನುಂಗು. ಲಾರಿ ಡ್ರೈವರ ಮಂದಿ ತಗೋತಾರ. ಜಾಗರಣಿ ಗುಳಿಗಿ ಅಂತಾರ ಇದಕ್ಕ. ನಾನೂ ತಗೋತೇನಿ, ನೋಡು ಹೆಂಗ ಅದೇನಿ."

"ಕೂಸಿಗಿ ಏನರೆ ಆದೀತೇನೋ ಅಣ್ಣಾ?"

"ಏ, ಕೂಸಿಗೇನ್ ಆಕ್ಕೈತಿ? ನುಂಗಾಕಿ ನೀನು."

ಶಂಕ್ರಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನಾಗಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು, ಹಿಡಿದು ನಾಲ್ಕು ಬೈದು ಓಡಿಸಬಹುದಿತ್ತು. ಕೇಡು ಒಳ್ಳೆಯವರ ಕೈಯಿಂದ ಬಂದಾಗಲೇ ಕಷ್ಟ.

ಆ ಗುಳಿಗೆ ಎಲ್ಲಿಂದ ಬಂತು? ಯಾವ ಊರಿನ ಯಾವ ಕೋಣೆಯಲ್ಲಿ ಯಾವ ಪುಡಿ ಕಲಸಿ ಮಾಡಿದರೋ ಯಾರಿಗೂ ತಿಳಿಯದು. ಹೆಸರಿಲ್ಲ, ಚೀಟಿಯಿಲ್ಲ, ಕಾಗದದ ಪೊಟ್ಟಣ ಅಷ್ಟೆ. ಬೀಡಿಗಿಂತ ಅಗ್ಗ. ಹೆದ್ದಾರಿಯ ಧಾಬಾದಲ್ಲಿ ಡ್ರೈವರುಗಳ ಕಿಸೆಗೆ ಬಂತು. ಅಲ್ಲಿಂದ ಕ್ಲೀನರುಗಳಿಗೆ, ಕ್ಲೀನರುಗಳಿಂದ ಹಮಾಲರಿಗೆ. ರಾಣೇಬೆನ್ನೂರಿನ ಹತ್ತಿ ಪೇಟೆಯಲ್ಲಿ ಅದನ್ನು ಚಹಾದಲ್ಲಿ ಕದಡಿ ಕುಡಿಯುತ್ತಿದ್ದರಂತೆ. ಹಾವೇರಿಯಲ್ಲಿ ಪರೀಕ್ಷೆಗೆ ಓದುವ ಹುಡುಗರೂ ಹುಡುಕಿಕೊಂಡು ಹೋಗುತ್ತಿದ್ದರಂತೆ. ಯಾರೂ ಅದನ್ನು ನಶೆ ಎನ್ನಲಿಲ್ಲ. ನಶೆ ಮಾಡಿದವನು ಬಿದ್ದಿರುತ್ತಾನೆ. ಇದನ್ನು ನುಂಗಿದವನು ಎದ್ದು ದುಡಿಯುತ್ತಿದ್ದ. ದುಡಿಯುವವನನ್ನು ನಾವು ಯಾವಾಗ ಅನುಮಾನಿಸಿದ್ದೇವೆ?

ಮುಮ್ತಾಜಬಿಯ ಬೆರಳುಗಳು ಮಗ್ಗದ ಲಾಳಿಯ ಹಾಗೆ ಓಡತೊಡಗಿದವು. ಎಲ್ಲರೂ ಒಂದು ಬುಟ್ಟಿ ತುಂಬಿಸುವಷ್ಟರಲ್ಲಿ ಅವಳು ಇನ್ನೊಂದಕ್ಕೆ ಕೈ ಹಾಕಿರುತ್ತಿದ್ದಳು. ಮನೆಗೆ ಹೋದರೂ ಸುಮ್ಮನೆ ಕೂರುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಸಾರಿಸಿದ ನೆಲವನ್ನೇ ಮತ್ತೆ ಸಾರಿಸುವಳು. ಜೈತೂನಬಿಗೆ ಹಿಗ್ಗೋ ಹಿಗ್ಗು. ಓಣಿಯಲ್ಲಿ ಸಿಕ್ಕಸಿಕ್ಕವರ ಮುಂದೆ ಹೇಳಿದ್ದೇ ಹೇಳಿದ್ದು.

"ನಿಮ್ಮ ಸೊಸ್ತ್ಯಾರು ಅದಾರ, ನನ್ನ ಸೊಸಿನೂ ಅದಾಳ! ನನ್ನ ಸೊಸಿ ಕೈಗಿ ದೃಷ್ಟಿ ತಗೀಬೇಕು."

ಮೊದಲು ಅರ್ಧ ಗುಳಿಗೆ ಸಾಕಾಗುತ್ತಿತ್ತು. ಆಮೇಲೆ ಇಡೀ ಬೇಕಾಯಿತು. ಆಮೇಲೆ ಬೆಳಗಿಗೊಂದು, ಸಂಜೆಗೊಂದು. ಕಣ್ಣು ಕೆಂಡವಾಯಿತು. ಜೈತೂನಬಿ "ಘಾಟು" ಎಂದು ಸೊಸೆಯ ನೆತ್ತಿಗೆ ಹರಳೆಣ್ಣೆ ಒತ್ತಿದಳು. ನಿದ್ದೆ ಹೋಯಿತು. "ಉಷ್ಣ" ಎಂದು ಮಜ್ಜಿಗೆ ಕುಡಿಸಿದಳು. ಸಣ್ಣ ಮಾತಿಗೂ ಸೊಸೆ ಚೀರತೊಡಗಿದಳು. "ಖಾರದಾಗ ಕುಂತು ಕುಂತು ನಾಲಿಗಿ ಖಾರ ಆಗೇತಿ" ಎಂದು ನಕ್ಕುಬಿಟ್ಟಳು. ಪಾಪ, ಮುದುಕಿ ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದಳು. ಬೇನೆ ಒಂದು ಕಡೆ, ಎಣ್ಣೆ ಒಂದು ಕಡೆ.

ಅಷ್ಟರಲ್ಲಿ ರಮಜಾನ ಬಂತು, ಹಗಲಿಡೀ ರೋಜಾ ಎಂಬ ಉಪವಾಸ ಹಿಡಿಯುವ ತಿಂಗಳು. ಆ ವರ್ಷ ಅದು ನಮ್ಮ ಸುಗ್ಗಿಯಲ್ಲೇ ಬಿದ್ದಿತ್ತು. ಜೈತೂನಬಿ ತಿಳಿದವಳು, ಸೊಸೆಗೆ ಸರಿಯಾಗಿಯೇ ಹೇಳಿದಳು.

"ಹಾಲ ಕುಡಸೋ ತಾಯಿಗಿ ರೋಜಾ ಮಾಫ ಐತಿ ಬೇಟಿ. ಆಮ್ಯಾಗ ಹಿಡದ್ರ ಆತು."

"ನನಗ ಹಸಿವೀನ ಆಗೂದಿಲ್ಲ ಅಮ್ಮಾ, ಹಿಡೀತೇನಿ" ಎಂದಳು ಮುಮ್ತಾಜಬಿ.

ಅವಳು ಹಿಡಿದೇಬಿಟ್ಟಳು. ಸೂರ್ಯ ಹುಟ್ಟುವ ಮೊದಲು ಸಹರಿಯ ಹೊತ್ತಿಗೆ ಊಟ ಬಿಟ್ಟು ಗುಳಿಗೆ ನುಂಗುವಳು, ಸಂಜೆ ರೋಜಾ ಬಿಟ್ಟ ಮೇಲೆ ಇನ್ನೊಂದು. ನಡುವೆ ಹಸಿವು ಅನ್ನುವುದೇ ಇಲ್ಲ. ಅತ್ತೆಗೆ ಇದೆಲ್ಲಿ ಗೊತ್ತು? ಸೊಸೆಗೆ ದೇವರು ಎಂಥ ತಾಳ್ಮೆ ಕೊಟ್ಟಿದ್ದಾನೆ ಎಂದು ಅವಳ ಕಣ್ಣು ತುಂಬಿ ಬರುತ್ತಿತ್ತು.

ಕೂಸು ಮಾತ್ರ ಒಂದೇ ಸಮನೆ ಅಳುತ್ತಿತ್ತು. ಜೋಳಿಗೆಯಲ್ಲಿ ಹಾಕಿದರೆ ಕೈಕಾಲು ಅದುರಿಸುತ್ತಿತ್ತು. ಮೊಲೆ ಕಚ್ಚುವುದು, ಬಿಡುವುದು, ಚೀರುವುದು. ಅದರ ಕೆನ್ನೆ ಇಳಿದು ಕಣ್ಣು ದೊಡ್ಡದಾಗಿ ಕಾಣತೊಡಗಿತು. ಜೈತೂನಬಿ ಅದಕ್ಕೂ ಹರಳೆಣ್ಣೆ ತಂದಳು. "ತಾಯಿ ಹಾಲು ಕಾದೈತಿ, ಖಾರದ ಝಳ" ಎಂದಳು. ಓಣಿಯೆಲ್ಲ ಹೌದು ಎಂದಿತು.

ಹೌದು ಎನ್ನದವಳು ಒಬ್ಬಳೇ, ನರ್ಸಬಾಯಿ ಪ್ರೇಮವ್ವ. ಕೂಸುಗಳಿಗೆ ಸೂಜಿ ಹಾಕುವ ದಿನ ಅವಳು ತಕ್ಕಡಿ ತೂಗುಹಾಕಿಕೊಂಡು ಗೋದಾಮಿಗೆ ಬಂದಳು. ಹೊನ್ನವ್ವನ ಮಗನನ್ನು ತೂಗಿದಳು, ನಕ್ಕಳು. ಮಾಸುಮಬಿಯನ್ನು ತೂಗಿದಳು, ನಗು ನಿಂತಿತು. ಹೋದ ಸಲಕ್ಕಿಂತ ಕೂಸು ಹಗುರಾಗಿತ್ತು.

"ಜೈತೂನಕ್ಕಾ, ಕೂಸು ಏರಬೇಕಾಗಿದ್ದು ಇಳದೈತಲ್ಲ. ಏನ ಆಗೇತಿ?"

"ಇನ್ನೇನ ಪ್ರೇಮವ್ವಾ, ಘಾಟು. ಹಾಲು ಕಾದಾವು."

"ಹೊನ್ನವ್ವನೂ ಇದ ರಾಶಿ ಮುಂದ ಕುಂದ್ರತಾಳ. ಅಕಿ ಮಗ ಅದ ತೊಲಿಗಿ ಜೋತಾಡಾಕತ್ತಾನ. ಘಾಟು ಅವನ್ನ ಬಿಟ್ಟು ನಿನ್ನ ಮೊಮ್ಮಗಳನ್ನ ಅಷ್ಟ ಹುಡುಕ್ಕೊಂಡು ಬಂತೇನು?"

ಸುತ್ತ ಕೂತವರು ಕಿಸಕ್ಕನೆ ನಕ್ಕರು. ಜೈತೂನಬಿಗೆ ಸಿಟ್ಟು ಬಂತು. "ಒಬ್ಬೊಬ್ಬರ ಮೈಗುಣ ಒಂದೊಂದ ಥರ ಇರ್ತೈತಿ" ಎಂದಳು.

"ಇರ್ತೈತಿ, ಇಲ್ಲ ಅನ್ನೂದಿಲ್ಲ. ಆದ್ರ ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾಗಿದ್ದು ಅಕ್ಕಾ, ಖಾರಕ್ಕಲ್ಲ. ಸಾರಿಗಿ ಹಾಕಿದ್ರ ಸಣ್ಣ ಹುಡುಗರೂ ಉಣ್ತಾವ. ಇದರಿಂದ ಇಷ್ಟ ಉರಿ ಎಲ್ಲಿಂದ ಬಂತು?"

ಮಾತಿನಲ್ಲಿ ಸೋತಾಗ ನಾವೆಲ್ಲ ಮಾಡುವುದನ್ನೇ ಜೈತೂನಬಿಯೂ ಮಾಡಿದಳು, ಮುಖ ತಿರುಗಿಸಿದಳು.

ಪ್ರೇಮವ್ವ ಬಿಡುವ ಪೈಕಿಯಲ್ಲ. ಮಾರನೆಯ ಸಂಜೆ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ರೋಜಾ ಬಿಡುವ ಹೊತ್ತಿಗೆ ಅವರ ಮನೆಗೇ ಬಂದಳು. ಹಬ್ಬದ ತಿಂಗಳಲ್ಲಿ ಬಂದವರನ್ನು ಹೊರಗೆ ನಿಲ್ಲಿಸುವುದುಂಟೇ? ಜೈತೂನಬಿ ಚಾಪೆ ಹಾಸಿ "ಬಾರವ್ವಾ, ಕುಂದ್ರು" ಎಂದಳು. ಮಸೀದಿಯಿಂದ ಬಾಂಗ್ ಕೇಳಿಬಂತು. ಬಾಬಾಜಾನ ಖಜೂರ ತಿಂದು ನೀರು ಕುಡಿದು ತಟ್ಟೆಗೆ ಕೈ ಹಾಕಿದ. ಮುಮ್ತಾಜಬಿ ಒಂದು ಖಜೂರ ಬಾಯಿಗಿಟ್ಟುಕೊಂಡು ತಟ್ಟೆ ಸರಿಸಿದಳು.

"ನೋಡಿದ್ಯಾ?" ಜೈತೂನಬಿ ಹೆಮ್ಮೆಯಿಂದ ಹೇಳಿದಳು. "ದಿನಾ ಇಷ್ಟ. ಒಂದ ಖಜೂರ ಸಾಕು ಅಕಿಗಿ."

"ಜೈತೂನಕ್ಕಾ, ನೀ ಸಣ್ಣಾಕಿ ಇದ್ದಾಗಿಂದ ರೋಜಾ ಹಿಡೀತಿ. ನಿನಗ ಹಸಿವಿ ಆಗೂದಿಲ್ಲೇನು?"

"ಆಗದ ಏನು? ಮಧ್ಯಾಹ್ನ ಕಳದ ಮ್ಯಾಲೆ ಹೊಟ್ಟಿ ತಾಳಾ ಹಾಕ್ತೈತಿ. ಅದನ್ನ ತಡಕೊಳ್ಳೂದ ರೋಜಾ ಅಲ್ಲೇನು?"

"ಮತ್ತ ಮಗ್ಗಲಕ ಕೂಸು ಮಲಗಿಸ್ಕೊಂಡು, ಹಾಲು ಕುಡಿಸಿ, ದಿನಾ ದುಡದು ಬಂದ ಹೆಣಮಗಳಿಗಿ ಹಸಿವೀನ ಆಗೂದಿಲ್ಲ ಅಂದ್ರ ಅದು ಹೆಂಗಕ್ಕಾ?"

ಜೈತೂನಬಿಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಪ್ರೇಮವ್ವ ಮುಮ್ತಾಜಬಿಯ ಕಡೆ ತಿರುಗಿದಳು. ಧ್ವನಿ ತಗ್ಗಿಸಿದಳು.

"ತಂಗೀ, ನಾ ಬೈಯಾಕ ಬಂದಿಲ್ಲ. ಗೋದಾಮಿನ್ಯಾಗ ಒಂದ ಗುಳಿಗಿ ಓಡ್ಯಾಡಾಕತ್ತೈತಿ ಅಂತ ಕೇಳೇನಿ. ನೀ ಏನರೆ ತಗೊಂಡಿಯೇನು?"

"ನಾ ಯಾಕ ತಗೊಳ್ಳಿ?" ಮುಮ್ತಾಜಬಿ ಚೀರಿದಳು. ಎದ್ದು ಒಳಗೆ ಹೋದಳು. ಬಾಬಾಜಾನನ ಮುಖ ಸಣ್ಣದಾಯಿತು. ಜೈತೂನಬಿ ಸೊಸೆಯ ಪಕ್ಷ ವಹಿಸಿದಳು.

"ಸೂಜಿ ಹಾಕಾಕ ಬಂದಾಕಿ ಸೂಜಿ ಹಾಕಿ ಹೋಗವ್ವಾ. ನಮ್ಮ ಮನಿ ಮರ್ಯಾದಿಗಿ ಯಾಕ ಚುಚ್ಚತೀ?"

"ಮರ್ಯಾದಿ ನಾಳೆ ದುಡದು ತರಬಹುದಕ್ಕಾ, ಕೂಸಿನ್ನ ತರಾಕ ಆಗೂದಿಲ್ಲ" ಎಂದು ಪ್ರೇಮವ್ವ ಚಪ್ಪಲಿ ಮೆಟ್ಟಿದಳು.

ಅಂದಿನಿಂದ ಜೈತೂನಬಿಯ ಮನಸ್ಸಿನಲ್ಲಿ ಮುಳ್ಳು ಮುರಿಯಿತು. ಸೊಸೆ ತಟ್ಟೆ ಸರಿಸಿದಾಗ ಮೊದಲಿನ ಹಾಗೆ ಹಿಗ್ಗಲಿಲ್ಲ.

ಇದಾದ ಕೆಲವೇ ದಿನಕ್ಕೆ ಶಂಕ್ರಪ್ಪನ ಬಳಿ ಗುಳಿಗೆ ಮುಗಿಯಿತು. ತಂದುಕೊಡುವ ಡ್ರೈವರ ರಾಣೇಬೆನ್ನೂರಿನ ಆಚೆ ಲಾರಿಯನ್ನು ಮರಕ್ಕೆ ಗುದ್ದಿ ಕಾಲು ಮುರಿದುಕೊಂಡು ಮಲಗಿದ್ದನಂತೆ. ಕಣ್ಣು ತೆರೆದೇ ಇತ್ತಂತೆ, ರಸ್ತೆ ಮಾತ್ರ ಕಾಣಲಿಲ್ಲವಂತೆ. ಹಗಲೂ ರಾತ್ರಿ ಕಟ್ಟಿಹಾಕಿದ ನಿದ್ದೆ ಹಾಗೇ. ಒಂದು ದಿನ ಕಟ್ಟು ಹರಿದುಕೊಂಡು ಬರುತ್ತದೆ.

ಗುಳಿಗೆಯಿಲ್ಲದೆ ಗೋದಾಮಿಗೆ ಬಂದ ಮುಮ್ತಾಜಬಿಯ ಮೇಲೂ ಅದು ಹಾಗೇ ಬಂತು. ಬಿಸಿಲು ನೆತ್ತಿಗೇರಿತ್ತು. ಅಳುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತೊಟ್ಟು ಬಿಡಿಸುತ್ತಿದ್ದಳು. ಬೆರಳು ನಿಂತಿತು. ತಲೆ ಎದೆಗೆ ಬಿತ್ತು. ಹೊನ್ನವ್ವ ನೀರು ಕುಡಿಯಲು ಎದ್ದು ಹೋಗಿದ್ದಳು, ತಿವಿಯುವವರು ಯಾರೂ ಇರಲಿಲ್ಲ. ಕೂಸು ತೊಡೆಯಿಂದ ಜಾರಿ ಮುಖ ಕೆಳಗಾಗಿ ಕಾಯಿಯ ರಾಶಿಗೆ ಬಿತ್ತು. ಮೇಲಿನ ಕಾಯಿ ಕುಸಿದು ಅದರ ತಲೆಯ ಮೇಲೆ ಬಿದ್ದವು.

ಒಂದು ಚೀರು ಕೇಳಿತು. ಆಮೇಲೆ ಕೇಳಲಿಲ್ಲ.

ಹೊನ್ನವ್ವ ತಂಬಿಗೆ ಬಿಸಾಕಿ ಓಡಿ ಬಂದಳು. ರಾಶಿಗೆ ಎರಡೂ ಕೈ ಹಾಕಿ ಕೂಸನ್ನು ಎಳೆದಳು. ಮೂಗು ಬಾಯಿ ತುಂಬ ಕೆಂಪು ಪುಡಿ, ತುಟಿ ನೀಲಿ. ಬೆರಳಿನಿಂದ ಬಾಯಿ ಒರೆಸಿ ಬೋರಲು ಹಾಕಿ ಬೆನ್ನಿಗೆ ತಟ್ಟಿದಳು. ಕೂಸು ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ಇಡೀ ಪೇಟೆಗೆ ಕೇಳುವ ಹಾಗೆ ಅತ್ತಿತು. ಅಷ್ಟು ದಿನ ಎಲ್ಲರಿಗೂ ಬೇಸರವಾಗಿದ್ದ ಆ ಅಳುವನ್ನು ಕೇಳಿ ಗೋದಾಮಿನ ಹೆಂಗಸರೆಲ್ಲ ಅತ್ತುಬಿಟ್ಟರು.

ಇಷ್ಟೆಲ್ಲ ಆದರೂ ಮುಮ್ತಾಜಬಿ ಎಚ್ಚರಾಗಲಿಲ್ಲ. ಆಚೆಯ ರಾಶಿಯಿಂದ ಓಡಿ ಬಂದ ಜೈತೂನಬಿಗೆ ಆಗ ನಿಜವಾದ ಭಯ ಹತ್ತಿತು. ಮಗು ಹೀಗೆ ಚೀರುವಾಗ ಯಾವ ತಾಯಿ ಮಲಗಿರುತ್ತಾಳೆ? ಅವಳು ಸೊಸೆಯ ಭುಜ ಹಿಡಿದು ಅಲ್ಲಾಡಿಸಿದಳು, ಮುಖಕ್ಕೆ ನೀರು ಎರಚಿದಳು. ಮುಮ್ತಾಜಬಿ ಕಣ್ಣು ಬಿಟ್ಟು ಸುತ್ತ ನಿಂತವರನ್ನು ನೋಡಿದಳು, ಹೊನ್ನವ್ವನ ಕೈಯಲ್ಲಿದ್ದ ಕೂಸನ್ನು ನೋಡಿದಳು. ಏನಾಯಿತೆಂದು ಯಾರೂ ಹೇಳುವ ಮೊದಲೇ ಅವಳಿಗೆ ತಿಳಿಯಿತು.

"ನಾ ಗುಳಿಗಿ ತಗೋತೇನಿ ಅಮ್ಮಾ" ಎಂದಳು. "ಬಿಡಬೇಕಂತ ಮಾಡೇನಿ, ಬಿಡಾಕ ಆಗವಲ್ದು."

ಯಾರೋ ಪ್ರೇಮವ್ವನಿಗೆ ಸುದ್ದಿ ಮುಟ್ಟಿಸಿದ್ದರು. ಅವಳು ಬಂದವಳೇ ಕೂಸಿನ ಕಣ್ಣು ಮೂಗನ್ನು ಶುದ್ಧ ನೀರಿನಿಂದ ತೊಳೆದಳು. "ಎಣ್ಣಿ ಬ್ಯಾಡ, ಏನೂ ಬ್ಯಾಡ" ಎಂದು ಜೈತೂನಬಿಯ ಕೈಯಿಂದ ಬಾಟಲಿ ಕಸಿದಿಟ್ಟಳು. ತಾಯಿ ಮಗು ಇಬ್ಬರನ್ನೂ, ಜೊತೆಗೆ ಜೈತೂನಬಿಯನ್ನೂ ಕರೆದುಕೊಂಡು ಹಾವೇರಿಯ ಡಾಕ್ಟರ ಬಳಿಗೆ ಹೊರಟಳು. ಬಾಬಾಜಾನ ಓಡುತ್ತ ಬಂದು ಬಸ್ಸು ಹತ್ತಿದ. ಸಿಟ್ಟಿನಲ್ಲಿ ಬಸ್ಸಿನೊಳಗೇ ಹೆಂಡತಿಯ ಮೇಲೆ ಕೈ ಎತ್ತಿದ.

ಪ್ರೇಮವ್ವ ನಡುವೆ ಬಂದಳು. "ಬಾಬಾಜಾನ, ಅಕಿಗಿ ಜ್ವರ ಬಂದಿದ್ರ ಬಡೀತಿದ್ಯೇನು? ಇದೂ ಬೇನಿನ. ಚಟ ಅಂತೀವಿ, ಖರೇ ಅಂದ್ರ ಬೇನಿ."

"ದುಡಿಯಾಕ ಅಂತ ತಗೊಂಡಾಳ ಅಂದ್ರ ನಂಬತೇನಿ ನರ್ಸಬಾಯಿ. ಆದ್ರ ಮೈಗಿ ಶಕ್ತಿ ಕೊಡೂ ಗುಳಿಗಿ ಕೂಸಿಗಿ ಹೆಂಗ ಕೆಟ್ಟದ್ದಾತು?"

"ಅದು ಶಕ್ತಿ ಕೊಡೂದಿಲ್ಲಪ್ಪಾ. ದಣದ ನಿಂತ ಎತ್ತಿಗಿ ಬಾರಕೋಲಲೆ ಹೊಡದ್ರ ಓಡ್ತೈತಿ. ಮೇವು ತಿಂದು ಓಡಿದ್ದಲ್ಲ ಅದು. ಹೊಡಿಯೂದು ನಿಲ್ಲಿಸಿದ್ರ ಕುಸದು ಬೀಳತೈತಿ. ಮತ್ತ ಏಳಬೇಕಂದ್ರ ಇನ್ನೂ ಜೋರಾಗಿ ಹೊಡೀಬೇಕು. ತಾಯಿ ನುಂಗಿದ್ದು ಹಾಲಿನ್ಯಾಗ ಇಳೀತೈತಿ. ತೊಟ್ಟಲ ಕೂಸಿಗಿ ದಿನಾ ಬಾರಕೋಲಲೆ ಹೊಡದಂಗ ಆಗೇತಿ ನೋಡು."

ಬಾಬಾಜಾನ ಎತ್ತಿದ ಕೈಯಿಂದ ಮುಖ ಮುಚ್ಚಿಕೊಂಡ.

ಡಾಕ್ಟರು ಕೂಸನ್ನು ಪರೀಕ್ಷಿಸಿ, ಜೀವಕ್ಕೆ ಅಪಾಯವಿಲ್ಲ ಎಂದರು. ಮುಮ್ತಾಜಬಿ ಗುಳಿಗೆ ಪೂರ್ತಿ ಬಿಡಬೇಕು. ಮೈಯಿಂದ ಅದು ಹೋಗುವ ತನಕ ಕೂಸಿಗೆ ಅವಳ ಹಾಲು ಬೇಡ, ಯಾವಾಗ ಶುರುಮಾಡಬೇಕೆಂದು ತಾವೇ ಹೇಳುವುದಾಗಿ ತಿಳಿಸಿದರು. ಇನ್ನೊಂದು ಮಾತನ್ನು ಜೈತೂನಬಿಯನ್ನು ಕರೆದು ಹೇಳಿದರು. "ಮೊದಲು ಸತ್ತಂಗ ಮಲಗತಾಳ. ಆಮ್ಯಾಲೆ ಏಳತಾಳ, ಆದ್ರ ಏನೂ ಬ್ಯಾಡ ಅನಸ್ತೈತಿ. ಅಳತಾಳ. ಗುಳಿಗಿ ಬೇಕು ಅಂತಾಳ. ಆವಾಗ ಒಬ್ಬಾಕಿನ್ನ ಬಿಡಬ್ಯಾಡ್ರಿ. ಬೈಯಾಕ ಹೋಗಬ್ಯಾಡ್ರಿ."

ಕೂಸಿಗೆ ಹಾಲೇನು ಮಾಡುವುದೆಂದು ಬಸ್ಸಿನಲ್ಲಿ ಚಿಂತೆ. ಮನೆಗೆ ಬಂದರೆ ಕಟ್ಟೆಯ ಮೇಲೆ ಹೊನ್ನವ್ವ ಕೂತಿದ್ದಳು. ವಿಷಯ ಕೇಳಿದಳು. ಮಾಸುಮಬಿಯನ್ನು ಎತ್ತಿಕೊಂಡು ಸೆರಗಿನೊಳಗೆ ಹಾಕಿಕೊಂಡಳು. ಪ್ರೇಮವ್ವ ಹೊನ್ನವ್ವನ ಆರೋಗ್ಯದ ಬಗ್ಗೆ ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡಳು. ಹೊನ್ನವ್ವನಿಗೆ ಬಿಡುವಿಲ್ಲದಾಗ ಡಾಕ್ಟರು ಹೇಳಿದ ಹಾಗೆ ಕಾಸಿದ ಹಾಲನ್ನು ಬಟ್ಟಲು ಚಮಚದಲ್ಲಿ ಕುಡಿಸಿದರು. ಕೆಲವೇ ದಿನಗಳಲ್ಲಿ ಕೂಸು ಜೋಳಿಗೆಯಲ್ಲಿ ಮುಷ್ಟಿ ಬಿಚ್ಚಿ ನಿದ್ದೆ ಮಾಡಿತು. ಅದೇ ಓಣಿ, ಅದೇ ಘಾಟು. ಜೈತೂನಬಿ ಕೂಸಿನ ಬಿಚ್ಚಿದ ಮುಷ್ಟಿ ನೋಡಿದಳು. ಪ್ರೇಮವ್ವ ಹೇಳಿದ್ದು ಅವಳಿಗೆ ಆಗ ಪೂರ್ತಿ ಒಪ್ಪಿಗೆಯಾಯಿತು.

ಮುಮ್ತಾಜಬಿ ಡಾಕ್ಟರು ಹೇಳಿದಂತೆಯೇ ಮಲಗಿದಳು. ಆಮೇಲೆ ಎದ್ದು ಗೋಡೆ ನೋಡುತ್ತ ಕೂತಳು. ಅತ್ತಳು. ಕೂಸನ್ನು ಕೊಟ್ಟರೆ "ನನ್ನ ಕೈಯಾಗ ಕೊಡಬ್ಯಾಡ್ರಿ, ನಾ ಕೆಡವತೇನಿ" ಎಂದು ಹಿಂದೆ ಸರಿದಳು. ಗುಳಿಗೆ ಬಿಟ್ಟವರು ಅನುಭವಿಸುವ ಕತ್ತಲೆ ಅದು. ಎದ್ದ ಕೂಡಲೇ ಎಲ್ಲ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಮಧ್ಯಾಹ್ನ ಜೈತೂನಬಿ ನೀರಿಗೆ ಹೋಗಿ ಬರುವಷ್ಟರಲ್ಲಿ ಸೊಸೆ ಮನೆಯಲ್ಲಿಲ್ಲ. ಮುದುಕಿಗೆ ಹೊಳೆದುಬಿಟ್ಟಿತು. ಕೊಡ ಇಳಿಸಿದವಳೇ ಗೋದಾಮಿನ ಕಡೆ ಓಡಿದಳು. ಶಂಕ್ರಪ್ಪನ ಅಂಗಡಿಯ ಮುಂದೆ ಮುಮ್ತಾಜಬಿ ಕೈ ಚಾಚಿ ನಿಂತಿದ್ದಳು.

"ಇವತ್ತೊಂದ ದಿನ ಕೊಡಣ್ಣಾ. ನಾಳೆ ಕೇಳೂದಿಲ್ಲ."

ಶಂಕ್ರಪ್ಪನ ಮುಷ್ಟಿಯಲ್ಲಿ ಪೊಟ್ಟಣ ಇತ್ತು. ಬೇರೊಬ್ಬ ಡ್ರೈವರ ತಂದುಕೊಟ್ಟಿದ್ದ. ಅವನು ಕೊಡಲೂ ಇಲ್ಲ, ಒಳಗಿಡಲೂ ಇಲ್ಲ.

ನಾವೆಲ್ಲ ಜೈತೂನಬಿಯ ಬಾಯಿ ಬಲ್ಲವರು. ಇವತ್ತು ಎರಡೂ ಭಾಷೆ ಮುಗಿದು ಮೂರನೆಯದು ಹುಟ್ಟುತ್ತದೆ ಎಂದುಕೊಂಡೆವು. ಅವಳು ಬೈಯಲಿಲ್ಲ. ಸೊಸೆಯ ಚಾಚಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಡಿ ಬೇಟಿ, ಮನಿಗಿ ಹೋಗೂನು. ಹೊತ್ತು ಕಳಿಯಾಕ ಆಗವಲ್ದಂದ್ರ ನನ್ನ ಬೈ. ನನ್ನ ಹೊಡಿ ಬೇಕಾದ್ರ. ಇದೊಂದು ಕೇಳಬ್ಯಾಡ."

ಆಮೇಲೆ ಶಂಕ್ರಪ್ಪನ ಕಡೆ ನೋಡಿದಳು. "ನೀನೂ ಬಿಡಪ್ಪಾ ಶಂಕ್ರಾ. ನಿನ್ನ ಮಾರಿ ಕನ್ನಡ್ಯಾಗ ನೋಡ್ಕೊಂಡೀಯೇನು?"

ಶಂಕ್ರಪ್ಪ ಬೆಂಚಿನ ಮೇಲೆ ಕುಸಿದು ಕೂತ. "ಎಲ್ಲಾರ್ಕಿಂತ ಮೊದಲ ಶುರು ಮಾಡಿದಾಂವ ನಾನು ಜೈತೂನಮ್ಮಾ. ಚಲೋದ ಅಂತ ತಿಳಕೊಂಡ ಕೊಟ್ಟೆ. ನನ್ನ ಹೆಂಡ್ತಿ ತವರಿಗಿ ಹೋಗ್ಯಾಳ, ಅಕಿನ್ನೂ ಬಡದೇನಿ. ನಿದ್ದಿ ಅನ್ನೂದು ಹೆಂಗಿರ್ತೈತಿ ಮರತ ಹೋಗೇತಿ. ನನಗೂ ಬಿಡಾಕ ಆಗವಲ್ದು."

"ಹಂಗಾರ ಅಂಗಡಿ ಮುಚ್ಚು, ನಡಿ" ಎಂದಳು ಜೈತೂನಬಿ. ಪೊಟ್ಟಣವನ್ನು ಅವನೇ ಕುದಿಯುವ ನೀರಿಗೆ ಸುರಿದು ಮೋರಿಗೆ ಚೆಲ್ಲಿದ. ಒಂದು ಕೈಯಲ್ಲಿ ಸೊಸೆ, ಇನ್ನೊಂದು ಪಕ್ಕದಲ್ಲಿ ತಲೆ ತಗ್ಗಿಸಿದ ಶಂಕ್ರಪ್ಪ, ಹೀಗೆ ಮುದುಕಿ ಪೇಟೆಯ ನಡುವೆ ಪ್ರೇಮವ್ವನ ಆರೋಗ್ಯ ಕೇಂದ್ರಕ್ಕೆ ನಡೆದಳು. ಯಾರು ನೋಡುತ್ತಾರೆ ಎಂದು ಹಿಂದೆ ಮುಂದೆ ನೋಡಲಿಲ್ಲ. ಆ ವಾರ ಇನ್ನೂ ಕೆಲವು ಹಮಾಲರು ತಾವಾಗಿಯೇ ಅಲ್ಲಿಗೆ ಹೋದರು.

ರಮಜಾನದ ಕೊನೆಯ ದಿನಗಳು. ಬಿಸಿಲು ಸುಡುತ್ತಿತ್ತು. ಮುಮ್ತಾಜಬಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಈಗೀಗ ಕೂಸನ್ನು ಹಿಡಿಯುತ್ತಿದ್ದಳು. ರೋಜಾ ಹಿಡಿಯಬೇಡವೆಂದು ಡಾಕ್ಟರೂ ಹೇಳಿದ್ದರು, ಅತ್ತೆಯೂ ಹೇಳಿದ್ದಳು. ಇಟ್ಟ ಊಟವನ್ನು ಔಷಧಿಯ ಹಾಗೆ ನುಂಗುತ್ತಿದ್ದಳು, ಅಷ್ಟೆ.

ಅಂದು ಅವಳು ತಟ್ಟನೆ ಒಳಗೆ ಮುಖಮಾಡಿ ಕರೆದಳು.

"ಅಮ್ಮಾ... ನನಗ ಹಸಿವಿ ಆಗೇತಿ."

ಜೈತೂನಬಿ ರೋಜಾದಲ್ಲಿದ್ದಳು. ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಒಣಗಿದ ತುಟಿಯಲ್ಲೇ "ಏನಂದಿ?" ಎಂದಳು.

"ಹಸಿವಿ ಆಗೇತಿ ಅಮ್ಮಾ. ಬಿಸಿ ರೊಟ್ಟಿ ಬೇಕು."

ಜೈತೂನಬಿ ಒಲೆ ಹಚ್ಚಿದಳು. ಉಪವಾಸದ ತಿಂಗಳ ನಡುಮಧ್ಯಾಹ್ನ ಆ ಮನೆಯ ಹೊಗೆ ಮೇಲೆದ್ದಿತು. ರೊಟ್ಟಿ ತಟ್ಟುವ ಸದ್ದು ಓಣಿಗೆಲ್ಲ ಕೇಳಿತು. ಅತ್ತ ಕಡೆಯಿಂದ ಹಾದು ಹೋಗುತ್ತಿದ್ದ ನಮ್ಮ ಓಣಿಯ ಚಾಂದಸಾಬ ಬಾಗಿಲಲ್ಲಿ ನಿಂತು, "ಏನ ಜೈತೂನಬೀ, ಈ ಹೊತ್ತಿನ್ಯಾಗ ಒಲಿ?" ಎಂದು ಕೇಳಿದ.

ಅವಳ ಕಣ್ಣು ಕೆಂಪಾಗಿತ್ತು, ನೀರು ಸುರಿಯುತ್ತಿತ್ತು. ಹೊಗೆ ಎನ್ನಬಹುದಿತ್ತು, ಘಾಟು ಎನ್ನಬಹುದಿತ್ತು. ಎನ್ನಲಿಲ್ಲ.

"ಅಳಾಕತ್ತೇನಿ ಚಾಂದಭಾಯಿ" ಎಂದಳು. "ನನ್ನ ಸೊಸಿಗಿ ಹಸಿವಿ ಆಗೇತಿ."

ತಾಯಂದಿರೇ, ಅಣ್ಣಂದಿರೇ, ಈ ಕಥೆ ಓದಿ ಕೇಳಿಸಿದವರೇ ಮತ್ತು ಕೇಳಿದವರೇ, ಈಗ ನಿಮ್ಮ ಮನೆಗೆ ಹೋಗಿ ಒಮ್ಮೆ ನಿಮ್ಮವರ ಮುಖ ನೋಡಿ. ನಿದ್ದೆಯಿಲ್ಲದೆ ದುಡಿಯುವವರನ್ನು ಹೊಗಳುವ ಮೊದಲು ಯಾಕೆ ನಿದ್ದೆಯಿಲ್ಲ ಎಂದು ಕೇಳಿ. ಉಣ್ಣದವರನ್ನು ಕೇಳಿ. ಸುಮ್ಮಸುಮ್ಮನೆ ಸಿಡಿಯುವವರನ್ನು, ಒಮ್ಮೆ ಹಗಲಿರುಳು ಓಡಾಡಿ ಒಮ್ಮೆ ಹೆಣದಂತೆ ಮಲಗುವವರನ್ನು ಕೇಳಿ. ಮೆತ್ತಗೆ ಕೇಳಿ. ಡಾಕ್ಟರ ಚೀಟಿಯಿಲ್ಲದ ಗುಳಿಗೆಯನ್ನು ಯಾರೇ ಪ್ರೀತಿಯಿಂದ ಕೊಟ್ಟರೂ ನುಂಗಬೇಡಿ, ಬಸುರಿ ಬಾಣಂತಿಯರ ಹತ್ತಿರವಂತೂ ಅದು ಸುಳಿಯದಿರಲಿ. ಚಕ್ರ ಹಿಡಿದ ಅಣ್ಣಂದಿರೇ, ನಿದ್ದೆ ಬಂದರೆ ಲಾರಿ ಬದಿಗೆ ನಿಲ್ಲಿಸಿ ಮಲಗಿ, ಸರಕು ಕಾಯುತ್ತದೆ. ಗುಳಿಗೆಗೆ ಬಿದ್ದವರು ಮನೆಯಲ್ಲಿದ್ದರೆ ಬಡಿಯಬೇಡಿ, ಬಚ್ಚಿಡಬೇಡಿ, ಒಬ್ಬರನ್ನೇ ಬಿಡಬೇಡಿ. ಕೈ ಹಿಡಿದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಊರು ನೋಡಿದರೆ ನೋಡಲಿ. ನಾಚಿಕೆಪಟ್ಟು ಮನೆಯಲ್ಲಿ ಕೂತಿದ್ದರೆ ಮಾಸುಮಬಿ ಇವತ್ತು ನಮ್ಮ ಓಣಿಯಲ್ಲಿ ಹೊನ್ನವ್ವನ ಮಗನ ಜುಟ್ಟು ಹಿಡಿದು ಜಗ್ಗುತ್ತಿರಲಿಲ್ಲ.